ಸಿಡಿಮದ್ದಿಗೂ ಒಂದು ಪಾಳಿ



ನಮ್ಮ ಕಡೆಯ ಹಳೆಯ ಮನೆಗಳಲ್ಲಿ ಅಡಕಲು ಇರುವುದನ್ನು ನೀವು ನೋಡಿದ್ದೀರಿ. ಗಡಿಗೆಯ ಮೇಲೆ ಗಡಿಗೆ ಏರಿಸಿಟ್ಟ ಸಾಲು ಅದು. ತಳದಲ್ಲಿ ದೊಡ್ಡದು, ಅದರ ಮೇಲೆ ಅದಕ್ಕಿಂತ ಚಿಕ್ಕದು, ತುದಿಗೆ ಅಂಗೈಯಗಲದ ಒಂದು ಕುಡಿಕೆ. ಯಾದಗಿರಿ ಜಿಲ್ಲೆಯ ಶಹಾಪುರ ತಾಲ್ಲೂಕಿನ ಒಂದು ಹಳ್ಳಿಯಲ್ಲಿ, ಕಲ್ಲುಗಣಿಗೆ ಹತ್ತಿರದ ಒಂದು ಮಾಳಿಗೆ ಮನೆಯಲ್ಲಿ, ಅಂಥದೊಂದು ಅಡಕಲಿನ ಮುಂದೆ ನಾನು ಒಮ್ಮೆ ಕುಳಿತಿದ್ದೆ. ನೆಲದ ಕಂಪನ ಅಳೆಯುವುದು ನನ್ನ ಕೆಲಸ. ಯಂತ್ರವನ್ನು ಹೊರಗೆ ಗೋಡೆಯ ಬುಡದಲ್ಲಿ ಹೂತು ಬಂದಿದ್ದೆ.

ದೂರದಲ್ಲಿ ಸೈರನ್ ಕೂಗಿತು. ಮನೆಯ ಅಜ್ಜಿ ಎದ್ದರು. ಅಡಕಲಿನ ತುದಿಯ ಕುಡಿಕೆಯನ್ನು ಎರಡೂ ಕೈಯಿಂದ ಇಳಿಸಿದರು. ಮಗುವನ್ನು ಮಲಗಿಸುವ ಹಾಗೆ, ಮೂಲೆಯಲ್ಲಿ ಮಡಿಸಿಟ್ಟ ಕೌದಿಯ ಮೇಲೆ ಇಟ್ಟರು.

"ದಿನಾ ಹಿಂಗ ಇಳಸ್ತೀರೇನವ್ವಾ?" ಅಂದೆ.

"ದಿನಾ ಇಳಸ್ತೀನಪ್ಪ. ನಮ್ಮತ್ತಿ ಕಾಲದ್ದು ಅದು. ಎರಡಿದ್ವು. ಒಂದು ಬಿದ್ದು ಒಡೀತು. ಉಳದದ್ದು ಇದೊಂದ," ಅಂದರು.

ಮರುಗಳಿಗೆ ನೆಲ ಗುಡುಗಿತು. ಗಡಿಗೆಗಳು ಒಂದಕ್ಕೊಂದು ತಾಗಿ ಕಟಕಟ ಅಂದವು. ಜಂತಿಯ ಸಂದಿಯಿಂದ ಮಣ್ಣು ಉದುರಿತು. ಅಜ್ಜಿ ತಲೆಯ ಮೇಲಿನ ಸೆರಗು ಕೊಡವಿಕೊಂಡರು. ಕುಡಿಕೆಯನ್ನು ಮತ್ತೆ ಏರಿಸಿಟ್ಟರು.

ಈ ಹೊತ್ತು ನಾನು ಹೇಳಬೇಕಾದದ್ದು ಒಂದೇ ಮಾತು. ಕಲ್ಲು ಒಡೆಯಬೇಕು, ಆದರೆ ಆ ಕುಡಿಕೆಯನ್ನು ಇಳಿಸುವ ಪ್ರಮೇಯ ಬರಬಾರದು. ಇವೆರಡೂ ಒಟ್ಟಿಗೆ ಆಗುವ ದಾರಿ ಇದೆ. ಆ ದಾರಿಯ ಹೆಸರು ಪಾಳಿ. ಮದ್ದು ತುಂಬಿದ ಕುಳಿಗಳು ಒಮ್ಮೆಲೇ ಸಿಡಿಯದೆ ಪಾಳಿ ಹಚ್ಚಿ ಸಿಡಿಯಬೇಕು.

ಕಲ್ಲು ಒಡೆಯುವುದು ನಮ್ಮ ನೆಲಕ್ಕೆ ಹೊಸದಲ್ಲ. ಹುಣಸಗಿಯ ಹತ್ತಿರ ಇಸಾಂಪುರ ಅಂತ ಒಂದು ಊರಿದೆ. ಪುಣೆಯ ಡೆಕ್ಕನ್ ಕಾಲೇಜಿನ ಪ್ರೊಫೆಸರ್ ಕೆ. ಪದ್ದಯ್ಯ ಅವರು ಅಲ್ಲಿ ಅಗೆದು ನೋಡಿದರು. ಸಿಕ್ಕಿದ್ದು ಆದಿಮಾನವರ ಕಲ್ಲುಗಣಿ. ಸುಣ್ಣಗಲ್ಲಿನ ಹಾಸುಗಳನ್ನು ಎಬ್ಬಿಸಿ, ಗುಂಡುಕಲ್ಲಿನಿಂದ ಕುಟ್ಟಿ, ಅವರು ಕೈಗೊಡಲಿ ಮಾಡುತ್ತಿದ್ದ ಜಾಗ ಅದು. ಅದಕ್ಕೆ ಸುಮಾರು 12 ಲಕ್ಷ ವರ್ಷ ಅಂತ ಕಾಲ ಗುರುತಿಸಿದ್ದಾರೆ. ಯಾದಗಿರಿಯ ಕೋಟೆ ಕುಳಿತದ್ದು ಕಗ್ಗಲ್ಲಿನ ಬೆಟ್ಟದ ಮೇಲೆ. ನಮ್ಮ ನಡುಮನೆಯ ನೆಲಕ್ಕೆ ಹಾಸಿದ ಪರಸಿ ಬಂದದ್ದು ಭೀಮಾ ತೀರದ ಸುಣ್ಣಗಲ್ಲಿನ ಪದರಗಳಿಂದ. ಅದನ್ನು ಚಾಣ, ಸುತ್ತಿಗೆ, ಹಾರೆಗಳಿಂದ ಎಬ್ಬಿಸುತ್ತ ಬಂದಿದ್ದಾರೆ.

ಆದರೆ ಇಂದಿನ ರಸ್ತೆಗೆ, ಸೇತುವೆಗೆ, ಕಾಲುವೆಗೆ, ರೈಲು ಹಳಿಯ ಕೆಳಗಿನ ಹಾಸಿಗೆಗೆ ಬೇಕಾದ ಖಡಿಯನ್ನು ಸುತ್ತಿಗೆಯಿಂದ ಪೂರೈಸಲಾಗದು. ನೀವು ಕಟ್ಟಿಸುವ ಮನೆಯ ಸ್ಲ್ಯಾಬಿಗೂ ಖಡಿ ಬೇಕು. ಬಂಡೆಗೆ ಕುಳಿ ಕೊರೆಯಬೇಕು, ಮದ್ದು ತುಂಬಬೇಕು, ಸಿಡಿಸಬೇಕು. ಸಿಡಿತ ಬೇಡವೇ ಬೇಡ ಅನ್ನಲು ಬರುವುದಿಲ್ಲ. ಹೇಗೆ ಸಿಡಿಸುತ್ತೀರಿ ಅಂತ ಕೇಳಲು ಮಾತ್ರ ಖಂಡಿತ ಬರುತ್ತದೆ.

ಹಾಗಾದರೆ ಮೊದಲು ಸಿಡಿತ ಅಂದರೇನು ನೋಡೋಣ.

ಕುಳಿಯೊಳಗಿನ ಮದ್ದು ಸಿಡಿದಾಗ ಅದರ ಬಲದ ಒಂದು ಪಾಲು ಬಂಡೆಯನ್ನು ಸೀಳುತ್ತದೆ. ಆ ಪಾಲು ಕೆಲಸಕ್ಕೆ ಬಂತು. ಉಳಿದದ್ದು ಬೇರೆ ದಾರಿ ಹಿಡಿಯುತ್ತದೆ. ಒಂದಿಷ್ಟು ನೆಲದೊಳಗೆ ಅಲೆಯಾಗಿ ಓಡುತ್ತದೆ. ಅದು ಕಂಪನ. ಒಂದಿಷ್ಟು ಗಾಳಿಯನ್ನು ತಳ್ಳುತ್ತದೆ. ಅದು ಗಾಳಿಯ ಹೊಡೆತ. ಊರಿಗೆ ಮುಖ್ಯವಾಗಿ ಬರುವುದು ಇವೆರಡು.

ಇವೆರಡನ್ನೂ ಬೇರೆ ಮಾಡಿ ಗುರುತಿಸಲು ಯಂತ್ರ ಬೇಕಾಗಿಲ್ಲ. ಮನೆಯ ಕಟ್ಟೆಯ ಮೇಲೆ ಕುಳಿತು ಎಣಿಸಿದರೆ ಸಾಕು. ನಿಮ್ಮ ಮನೆ ಗಣಿಯಿಂದ 700 ಮೀಟರ್ ದೂರ ಇದೆ ಅನ್ನಿ. ಕಗ್ಗಲ್ಲಿನಲ್ಲಿ ಅಲೆ ಸೆಕೆಂಡಿಗೆ ನಾಲ್ಕೈದು ಕಿಲೋಮೀಟರ್ ಓಡುತ್ತದೆ. ಸಿಡಿದ ತಕ್ಷಣವೇ ಅನ್ನುವಷ್ಟು ಬೇಗ ಅಂಗಾಲಿಗೆ ನಡುಕ ತಾಗುತ್ತದೆ. ಸದ್ದಿನ ನಡಿಗೆ ನಿಧಾನ. ಸೆಕೆಂಡಿಗೆ ಸುಮಾರು 340 ಮೀಟರ್. ಅದು ನಿಮ್ಮನ್ನು ಮುಟ್ಟಲು ಎರಡು ಸೆಕೆಂಡು ಬೇಕು. ಅಂಗಾಲಿಗೆ ತಾಗಿದಾಗ ಎಣಿಸಲು ಶುರು ಮಾಡಿ. ಒಂದು, ಎರಡು. ಕಿಟಕಿ ಅಲುಗಿದ್ದು, ಪಾತ್ರೆ ಝಣಗುಟ್ಟಿದ್ದು ಎಣಿಕೆಯ ಮೊದಲಿಗೋ, ಎಣಿಕೆಯ ಕೊನೆಗೋ? ಮೊದಲಿಗಾದರೆ ನೆಲದಿಂದ ಬಂದದ್ದು. ಕೊನೆಗಾದರೆ ಗಾಳಿಯಿಂದ ಬಂದದ್ದು. ಎಷ್ಟೋ ಸಲ ಜನ ನೆಲ ನಡುಗಿತು ಅಂತ ಹೇಳುತ್ತಾರೆ. ಅಳೆದು ನೋಡಿದರೆ ಕಿಟಕಿಯನ್ನು ಅಲುಗಿಸಿದ್ದು ಗಾಳಿಯಾಗಿರುತ್ತದೆ. ರೋಗ ಯಾವುದು ಅಂತ ಗೊತ್ತಾದರೆ ಮದ್ದು ಹುಡುಕುವುದು ಸುಲಭ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು. ಖಡಿ ನಮಗೆ ಬೇಕು. ಸಿಡಿತದಿಂದ ಊರಿಗೆ ಮುಖ್ಯವಾಗಿ ಬರುವುದು ಎರಡು, ನೆಲದ ಕಂಪನ ಮತ್ತು ಗಾಳಿಯ ಹೊಡೆತ. ಈಗ ಇವೆರಡನ್ನೂ ತಗ್ಗಿಸುವ ಪಾಳಿಯ ವಿಚಾರಕ್ಕೆ ಬರೋಣ.

ಮೈಲಾಪುರ ಮಲ್ಲಯ್ಯನ ಜಾತ್ರೆಗೆ ನೀವು ಹೋಗಿರಬಹುದು. ಸಾವಿರಾರು ಜನ ಒಂದು ಬಾಗಿಲಿಗೆ ಒಮ್ಮೆಲೇ ನುಗ್ಗಿದರೆ ಬಾಗಿಲು ತಾಳುವುದಿಲ್ಲ. ಅದೇ ಜನ ಪಾಳಿ ಹಚ್ಚಿ ನಡೆದರೆ ಬಾಗಿಲಿಗೆ ಏನೂ ಆಗುವುದಿಲ್ಲ. ಜನ ಅಷ್ಟೇ, ಬಾಗಿಲೂ ಅದೇ. ನಡುವೆ ಬಂದದ್ದು ಹೊತ್ತು.

ಕಲ್ಲುಗಣಿಯ ಲೆಕ್ಕವೂ ಇದೇ. ಬಂಡೆಗೆ 40 ಕುಳಿ ಕೊರೆದಿದ್ದಾರೆ ಅನ್ನಿ. ಕುಳಿಗೆ 10 ಕಿಲೋ ಮದ್ದು. ಒಟ್ಟು 400 ಕಿಲೋ. ಎಲ್ಲವನ್ನೂ ಒಟ್ಟಿಗೆ ಹಾರಿಸಿದರೆ ನಿಮ್ಮ ಗೋಡೆಗೆ ತಾಗುವುದು 400 ಕಿಲೋದ ಹೊಡೆತ. ಒಂದೊಂದು ಕುಳಿಯ ನಡುವೆ 25 ಮಿಲಿಸೆಕೆಂಡು ಬಿಟ್ಟು ಹಾರಿಸಿದರೆ ಏನಾಗುತ್ತದೆ? ಒಂದು ಮಿಲಿಸೆಕೆಂಡು ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಪಾಲು. 25 ಮಿಲಿಸೆಕೆಂಡಿನಂತೆ 40 ಕುಳಿ ಮುಗಿಯಲು ಹಿಡಿಯುವುದು ಒಂದು ಸೆಕೆಂಡು. ಕಿವಿಗೆ ಅದು ಒಂದೇ ಉದ್ದನೆಯ ಗುಡುಗು. ಗೋಡೆಗೆ ಅದು 10 ಕಿಲೋದ ನಲವತ್ತು ಬಿಡಿ ಹೊಡೆತ.

ನಿಮಿಷ ಅನ್ನುವ ಪದಕ್ಕೆ ಮೂಲದಲ್ಲಿ ರೆಪ್ಪೆ ಬಡಿಯುವಷ್ಟು ಹೊತ್ತು ಅಂತ ಅರ್ಥ. ರೆಪ್ಪೆ ಬಡಿಯಲು ಕಾಲು ಸೆಕೆಂಡು ಸಾಕು. ಅಷ್ಟರಲ್ಲಿ ಹತ್ತು ಕುಳಿ, ಒಂದಾದ ಮೇಲೊಂದು, ಶಿಸ್ತಾಗಿ ಸಿಡಿದು ಮುಗಿದಿರುತ್ತವೆ. ನಮಗೆ ರೆಪ್ಪೆಯ ಹೊತ್ತು ಏನೂ ಅಲ್ಲ. ಬಂಡೆಗೆ ಅದು ಬೇಕಾದಷ್ಟು ಹೊತ್ತು.

ಇಲ್ಲಿ ಒಂದು ಸಣ್ಣ ಲೆಕ್ಕವನ್ನು ನೆನಪಿಡಿ. ಅಮೆರಿಕದ ಗಣಿ ಸಂಶೋಧಕರು ದಶಕಗಳ ಹಿಂದೆಯೇ ಅಳೆದು ಒಂದು ವಾಡಿಕೆ ಕಟ್ಟಿದರು. 8 ಮಿಲಿಸೆಕೆಂಡಿನೊಳಗೆ ಸಿಡಿದ ಮದ್ದೆಲ್ಲ ಒಂದೇ ಹೊಡೆತ ಅಂತ ಲೆಕ್ಕ. ಅದಕ್ಕಿಂತ ಹೆಚ್ಚು ಅಂತರ ಇದ್ದರೆ ಬೇರೆ ಬೇರೆ ಹೊಡೆತ. ಒಂದು ಪಾಳಿಗೆ ಎಷ್ಟು ಕಿಲೋ ಅನ್ನುವುದರ ಮೇಲೆ ನಡುಕ ನಿಂತಿದೆ. ದಿನದ ಒಟ್ಟು ಮದ್ದು ಆಮೇಲಿನ ಮಾತು.

ಇನ್ನೊಂದು ಲೆಕ್ಕ ಇದಕ್ಕಿಂತ ಚೆಂದ. ಒಂದು ಪಾಳಿಗೆ ಸಿಡಿಯುವ ಮದ್ದನ್ನು ಕಾಲು ಭಾಗಕ್ಕೆ ಇಳಿಸಿದರೆ, ನಡುಕದ ಮಟ್ಟಿಗೆ ನಿಮ್ಮ ಮನೆಯನ್ನು ಎರಡು ಪಟ್ಟು ದೂರ ಎತ್ತಿಟ್ಟಂತೆ. ಗಣಿಯಿಂದ 400 ಮೀಟರ್‌ನಲ್ಲಿರುವ ಮನೆ 800 ಮೀಟರ್‌ಗೆ ಸರಿದ ಹಾಗೆ. ದೂರ ಎರಡು ಪಟ್ಟಾದರೆ ನಡುಕ ಸುಮಾರು ಮೂರನೇ ಒಂದು ಪಾಲಿಗೆ ಇಳಿಯುತ್ತದೆ. ಮನೆಯನ್ನು ಹೊತ್ತು ಒಯ್ಯಲು ನಮ್ಮಿಂದ ಆಗದು. ಪಾಳಿ ಹಚ್ಚಲು ಆಗುತ್ತದೆ.

ಪಾಳಿ ಇಲ್ಲದಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಕರ್ನಾಟಕ ಒಂದು ಕೆಟ್ಟ ರಾತ್ರಿಯನ್ನು ಕಂಡಿದೆ. 2021ರ ಜನವರಿ 21ರಂದು ಶಿವಮೊಗ್ಗದ ಹತ್ತಿರ ಹುಣಸೋಡಿನಲ್ಲಿ, ವಾಹನದಲ್ಲಿದ್ದ ಸ್ಫೋಟಕವೆಲ್ಲ ಒಮ್ಮೆಲೇ ಸಿಡಿಯಿತು. ಅಲ್ಲಿದ್ದ ಕಾರ್ಮಿಕರು ಪ್ರಾಣ ಕಳೆದುಕೊಂಡರು. ಅಕ್ಕಪಕ್ಕದ ಜಿಲ್ಲೆಗಳ ಜನ ಭೂಕಂಪ ಅಂತ ಮನೆಯಿಂದ ಹೊರಗೆ ಓಡಿ ಬಂದರು. ಅದು ಗಣಿಯ ಸಿಡಿತವಲ್ಲ, ದುರಂತ. ಆದರೂ ಒಮ್ಮೆಲೇ ಅನ್ನುವ ಪದದ ತೂಕ ಎಷ್ಟು ಅಂತ ಆ ರಾತ್ರಿ ತೋರಿಸಿತು.

ಈವರೆಗಿನ ಮಾತನ್ನು ಮತ್ತೊಮ್ಮೆ ನೆನಪಿಸುತ್ತೇನೆ. ಗೋಡೆಗೆ ತಾಗುವುದು ಒಂದು ಪಾಳಿಯ ಮದ್ದು. 8 ಮಿಲಿಸೆಕೆಂಡಿನೊಳಗೆ ಸಿಡಿದದ್ದೆಲ್ಲ ಒಂದೇ ಪಾಳಿ. ಸರಿ, ಇಷ್ಟು ಸಣ್ಣ ಹೊತ್ತನ್ನು ಗಣಿಯಲ್ಲಿ ಹಿಡಿದಿಡುವುದು ಹೇಗೆ?

ಹಿಂದೆ ಬತ್ತಿ ಇತ್ತು. ಬತ್ತಿಗೆ ಬೆಂಕಿ ಇಟ್ಟು ಓಡಿ ಬರುತ್ತಿದ್ದರು. ಅದರಲ್ಲಿ ಮಿಲಿಸೆಕೆಂಡಿನ ಮಾತೇ ಇಲ್ಲ. ಆಮೇಲೆ ಕೇಪು ಬಂತು. ಕೇಪು ಅಂದರೆ ಡಿಟೋನೇಟರ್. ಬೀಡಿಯಂಥ ಸಣ್ಣ ಲೋಹದ ಕೊಳವೆ. ಅದರೊಳಗೆ ನಿಧಾನವಾಗಿ ಉರಿಯುವ ಒಂದು ಪುಡಿಯ ಕಂಬ ಇರುತ್ತದೆ. ಆ ಕಂಬ ಉರಿದು ಮುಗಿಯುವ ಹೊತ್ತೇ ತಡ. ಕಂಬ ಉದ್ದವಾದಷ್ಟೂ ತಡ ಹೆಚ್ಚು. ಈ ಮಿಲಿಸೆಕೆಂಡಿನ ತಡ ಗಣಿಗಳಿಗೆ ಬಂದದ್ದು 1940ರ ದಶಕದಲ್ಲಿ. 1970ರ ದಶಕದಲ್ಲಿ ಸ್ವೀಡನ್ ದೇಶದವರು ಶಾಕ್ ಟ್ಯೂಬ್ ತಂದರು. ಸಣ್ಣ ಪ್ಲಾಸ್ಟಿಕ್ ನಳಿಕೆ, ಒಳಗೋಡೆಗೆ ಸವರಿದ ಸಿಡಿಪುಡಿ. ಸೆಕೆಂಡಿಗೆ ಸುಮಾರು ಎರಡು ಕಿಲೋಮೀಟರ್ ವೇಗದಲ್ಲಿ ಅದರೊಳಗೆ ಕಿಡಿ ಓಡುತ್ತದೆ. ಹೊರಗೆ ಸದ್ದು ತೀರಾ ಕಡಿಮೆ.

ಪುಡಿ ಉರಿಯುವುದು ಗಡಿಯಾರದಷ್ಟು ಕರಾರುವಾಕ್ಕಲ್ಲ. 250 ಮಿಲಿಸೆಕೆಂಡು ಅಂತ ಬರೆದ ಕೇಪು ಹತ್ತು ಮಿಲಿಸೆಕೆಂಡು ಹಿಂದೆ ಮುಂದೆ ಆಗಬಹುದು. ಹಾಗಾದರೆ ಪಾಳಿಯಲ್ಲಿ ನಿಂತ ಇಬ್ಬರು ಒಟ್ಟಿಗೆ ಬಾಗಿಲಿಗೆ ಬಂದ ಹಾಗೆ. ಎಲೆಕ್ಟ್ರಾನಿಕ್ ಡಿಟೋನೇಟರ್ ಈ ತೊಂದರೆಯನ್ನು ಕಳೆಯಿತು. ಅದರೊಳಗೆ ಪುಡಿಯ ಬದಲು ಒಂದು ಸಣ್ಣ ಚಿಪ್ ಹೊತ್ತು ಎಣಿಸುತ್ತದೆ. ಒಂದೊಂದು ಕುಳಿಗೂ ಬೇಕಾದ ಮಿಲಿಸೆಕೆಂಡನ್ನು ಅಲ್ಲೇ ನಿಂತು ಕೂಡಿಸಬಹುದು. ಬೆಲೆ ಹೆಚ್ಚು, ನಿಜ. ಊರಿನ ಮಗ್ಗುಲಲ್ಲಿರುವ ಗಣಿಗೆ ಆ ಬೆಲೆ ಭಾರವಾಗಬಾರದು.

ಕೇಪು ಗೊತ್ತಾಯಿತು, ತಡ ಗೊತ್ತಾಯಿತು. ಈಗ ಮುಖ್ಯ ಪ್ರಶ್ನೆ. ನಡುವೆ ಎಷ್ಟು ಹೊತ್ತು ಬಿಡಬೇಕು? ಹೆಚ್ಚು ಬಿಟ್ಟಷ್ಟೂ ಒಳ್ಳೆಯದೇ? ಹಾಗಿಲ್ಲ. ಎರಡು ಕಾರಣ ಹೇಳುತ್ತೇನೆ.

ಮೊದಲನೆಯದು, ಮುಂದಿನ ಸಾಲು ಹಿಂದಿನ ಸಾಲಿಗೆ ದಾರಿ ಬಿಡಬೇಕು. ಗಣಿಯಲ್ಲಿ ಕುಳಿಗಳು ಸಾಲು ಸಾಲಾಗಿ ಇರುತ್ತವೆ. ಎದುರಿಗೆ ಬಯಲಿರುವ ಸಾಲು ಮೊದಲು ಸಿಡಿದು, ಅದರ ಕಲ್ಲು ಮುಂದಕ್ಕೆ ಸರಿಯಬೇಕು. ಆಗ ಹಿಂದಿನ ಸಾಲಿಗೆ ಜಾಗ ಆಗುತ್ತದೆ. ಮುಂದಿನ ಕಲ್ಲು ಸರಿಯುವ ಮೊದಲೇ ಹಿಂದಿನದು ಸಿಡಿದರೆ ಅದರ ಬಲಕ್ಕೆ ಹೋಗಲು ಜಾಗವಿಲ್ಲ. ಅದು ಮೇಲಕ್ಕೆ ಹಾರುತ್ತದೆ. ಕಲ್ಲು ಊರ ಕಡೆ ಬೀಳುತ್ತದೆ. ಉಳಿದ ಬಲ ನೆಲಕ್ಕಿಳಿದು ನಡುಕವಾಗುತ್ತದೆ. ಎದುರಿನ ಬಂಡೆ ಒಂದು ಮೀಟರ್ ದಪ್ಪ ಇದ್ದರೆ ಸಾಲುಗಳ ನಡುವೆ ಹತ್ತರಿಂದ ಹದಿನೈದು ಮಿಲಿಸೆಕೆಂಡಾದರೂ ಬೇಕು ಅಂತ ವಾಡಿಕೆ. ಎರಡು ಮೀಟರ್ ಇದ್ದರೆ ಅದರ ಎರಡು ಪಟ್ಟು. ಆದರೆ ತೀರಾ ಹೆಚ್ಚಿಸಿದರೆ ಮೊದಲು ಸಿಡಿದ ಕಲ್ಲು ಇನ್ನೂ ಸಿಡಿಯದ ಕುಳಿಯ ನಳಿಕೆಯನ್ನೇ ಕಡಿದುಹಾಕಬಹುದು. ಸಿಡಿಯದ ಮದ್ದು ಕಲ್ಲಿನ ರಾಶಿಯಲ್ಲಿ ಉಳಿಯುತ್ತದೆ. ಅದಕ್ಕಿಂತ ಅಪಾಯ ಬೇರೆ ಇಲ್ಲ.

ಎರಡನೆಯ ಕಾರಣ ಪಂಚಮಿಯ ಜೋಕಾಲಿಯಲ್ಲಿದೆ. ನಾಗರ ಪಂಚಮಿಗೆ ಹೆಣ್ಣುಮಕ್ಕಳು ಜೋಕಾಲಿ ಜೀಕುವುದನ್ನು ನೆನಪಿಸಿಕೊಳ್ಳಿ. ಜೋಕಾಲಿ ಹಿಂದೆ ಬಂದ ಗಳಿಗೆಗೆ ಸರಿಯಾಗಿ ಮೆಲ್ಲಗೆ ನೂಕಿದರೂ ಸಾಕು, ಅದು ಮುಗಿಲು ಮುಟ್ಟುತ್ತದೆ. ಹೊತ್ತು ತಪ್ಪಿ ಜೋರಾಗಿ ನೂಕಿದರೂ ಅದು ಏರುವುದಿಲ್ಲ. ಪ್ರತಿ ಮನೆಗೂ ಅಂಥದೊಂದು ಜೀಕು ಇದೆ. ನಮ್ಮ ಒಂದಂತಸ್ತಿನ, ಎರಡಂತಸ್ತಿನ ಮನೆಗಳು ಸೆಕೆಂಡಿಗೆ ಹತ್ತು ಸಲದ ಆಸುಪಾಸಿನಲ್ಲಿ ತೂಗಲು ಇಷ್ಟಪಡುತ್ತವೆ. ಕುಳಿಗಳ ನಡುವೆ 100 ಮಿಲಿಸೆಕೆಂಡು ಬಿಟ್ಟರೆ ಸೆಕೆಂಡಿಗೆ ಹತ್ತು ಹೊಡೆತ ಆಯಿತು. ಮನೆಯ ಜೀಕಿಗೆ ಸರಿಯಾಗಿ ನೂಕಿದ ಹಾಗಾಯಿತು. 25 ಮಿಲಿಸೆಕೆಂಡು ಬಿಟ್ಟರೆ ಸೆಕೆಂಡಿಗೆ ನಲವತ್ತು ಹೊಡೆತ. ಮನೆ ಅದಕ್ಕೆ ಸುಲಭವಾಗಿ ಕುಣಿಯುವುದಿಲ್ಲ.

ನಮ್ಮ ಸೀಮೆಯವರು ಇಲ್ಲಿ ಇನ್ನೊಂದು ಮಾತು ಗಮನಿಸಬೇಕು. ಗಣಿ ಇರುವುದು ಕಗ್ಗಲ್ಲಿನಲ್ಲಿ. ಊರು ಇರುವುದು ಎಷ್ಟೋ ಕಡೆ ಎರೆ ಭೂಮಿಯಲ್ಲಿ. ಕಲ್ಲಿನಲ್ಲಿ ಬಿರುಸಾಗಿ ಬಂದ ಅಲೆ ಆಳವಾದ ಎರೆ ಮಣ್ಣಿಗೆ ಬಂದ ಕೂಡಲೇ ನಿಧಾನವಾಗುತ್ತದೆ, ತೂಗಾಟ ದೊಡ್ಡದಾಗುತ್ತದೆ. ಮನೆಯ ಜೀಕಿಗೆ ಹತ್ತಿರ ಬರುತ್ತದೆ. ಹಾಗಾಗಿ ಬಂಡೆಯ ಮೇಲಿನ ಊರಿಗೆ ಹೊಂದಿದ ತಡ ಎರೆ ಹೊಲದ ನಡುವಿನ ಊರಿಗೆ ಹೊಂದಬೇಕೆಂದಿಲ್ಲ. ಪ್ರತಿ ಊರಿನಲ್ಲೂ ಅಳೆದೇ ಹೊತ್ತು ಕೂಡಿಸಬೇಕು.

ಈಗ ನೆಲದ ಮಾತು ಮುಗಿಯಿತು. ಒಂದು ಪಾಳಿಗೆ ಕಡಿಮೆ ಮದ್ದು, ಸಾಲುಗಳ ನಡುವೆ ಸರಿಯಾದ ಅಂತರ, ಮನೆಯ ಜೀಕಿಗೆ ತಾಳೆ ಬೀಳದ ಹೊಡೆತ. ಇನ್ನು ಗಾಳಿಯ ಹೊಡೆತಕ್ಕೆ ಬರೋಣ. ಇಲ್ಲಿ ಎಷ್ಟು ಹೊತ್ತು ಅನ್ನುವುದರ ಜೊತೆಗೆ ಪಾಳಿ ಯಾವ ಕಡೆಗೆ ಸಾಗುತ್ತದೆ ಅನ್ನುವುದೂ ಮುಖ್ಯ.

ಊರೊಳಗೆ ಪಲ್ಲಕ್ಕಿ ಹೊರಟಿದೆ ಅನ್ನಿ. ಪಲ್ಲಕ್ಕಿ ಬಾಗಿಲಿಗೆ ಬಂದ ಗಳಿಗೆಗೆ ಸರಿಯಾಗಿ ಆ ಮನೆಯವರು ಹೊರಗೆ ಬಂದು ಕೂಡಿಕೊಳ್ಳುತ್ತಾರೆ. ಮುಂದಿನ ಮನೆಯವರೂ ಹಾಗೆಯೇ. ಗುಡಿ ಮುಟ್ಟುವ ಹೊತ್ತಿಗೆ ಇಡೀ ಓಣಿಯೇ ಒಟ್ಟಾಗಿ ಬಂದಿರುತ್ತದೆ. ಜನ ಮನೆಯಿಂದ ಹೊರಡಲು ತಡ ಮಾಡಿದರೆ ಪಲ್ಲಕ್ಕಿ ಮುಂದೆ ಹೋಗಿರುತ್ತದೆ, ಜನ ಹಿಂದಿನಿಂದ ಒಬ್ಬೊಬ್ಬರಾಗಿ ಗುಡಿಗೆ ಬರುತ್ತಾರೆ.

ಸದ್ದು ಆ ಪಲ್ಲಕ್ಕಿಯಂತೆ. ಮೂರು ಮೀಟರಿಗೊಂದು ಕುಳಿ ಇದೆ ಅನ್ನಿ. ಸದ್ದು ಮೂರು ಮೀಟರ್ ನಡೆಯಲು ಸುಮಾರು 9 ಮಿಲಿಸೆಕೆಂಡು ಬೇಕು. ನಮ್ಮ ಪಾಳಿಯೂ 9 ಮಿಲಿಸೆಕೆಂಡಿನದಾಗಿ, ಊರ ಕಡೆಗೆ ಮುಖ ಮಾಡಿ ಸಾಗಿದರೆ? ಮೊದಲ ಕುಳಿಯ ಸದ್ದು ಎರಡನೆಯದರ ಹತ್ತಿರ ಬಂದ ಗಳಿಗೆಗೇ ಎರಡನೆಯದು ಸಿಡಿಯುತ್ತದೆ. ಎರಡೂ ಕೈಕೈ ಹಿಡಿದು ಮೂರನೆಯದಕ್ಕೆ ಹೋಗುತ್ತವೆ. ಸಾಲಿನ ಕೊನೆಗೆ ಎಲ್ಲ ಕುಳಿಗಳ ಸದ್ದೂ ಒಂದೇ ಗೋಡೆಯಾಗಿ ಊರಿನ ಮೇಲೆ ಬೀಳುತ್ತದೆ. ಪಾಳಿ ಹಚ್ಚಿಯೂ ಪಾಳಿ ಇಲ್ಲದಂತಾಯಿತು. 25 ಮಿಲಿಸೆಕೆಂಡು ಬಿಟ್ಟರೆ ಮೊದಲ ಸದ್ದು ಆಗಲೇ ಎರಡನೆಯ ಕುಳಿಯನ್ನು ದಾಟಿ ಹೋಗಿರುತ್ತದೆ. ಇನ್ನೂ ಒಳ್ಳೆಯದು, ಪಾಳಿಯ ದಿಕ್ಕನ್ನೇ ತಿರುಗಿಸುವುದು. ಊರಿಗೆ ಹತ್ತಿರದ ಕುಳಿಯಿಂದ ಶುರುಮಾಡಿ ಊರಿಗೆ ಬೆನ್ನು ತಿರುಗಿಸಿ ಸಾಗಿದರೆ ಸದ್ದು ಸದ್ದಿನ ನಡುವಿನ ಅಂತರ ಮತ್ತೂ ಹೆಚ್ಚುತ್ತದೆ. ಇದಕ್ಕೆ ಒಂದು ರೂಪಾಯಿಯೂ ಹೆಚ್ಚಿನ ಖರ್ಚಿಲ್ಲ. ತಂತಿಯನ್ನು ಈ ತುದಿಯಿಂದ ಕಟ್ಟುವ ಬದಲು ಆ ತುದಿಯಿಂದ ಕಟ್ಟಬೇಕು, ಅಷ್ಟೆ.

ಪಾಳಿಯ ಜೊತೆಗೆ ಕುಳಿಯ ಬಾಯಿಯನ್ನೂ ಭದ್ರಮಾಡಬೇಕು. ಮದ್ದಿನ ಮೇಲೆ ಸಣ್ಣ ಖಡಿಯ ಚೂರು ತುಂಬಿ ಬಿಗಿ ಮಾಡಿದರೆ ಬಲ ಕಲ್ಲಿಗೆ ಹೋಗುತ್ತದೆ. ಬರೀ ಪುಡಿಮಣ್ಣು ಸುರಿದರೆ ಅದು ಬೆಂಡಿನ ಬಿರಡೆಯಂತೆ ಹಾರಿ, ಬಲವೆಲ್ಲ ಸದ್ದಾಗಿ ಊರಿಗೆ ಬರುತ್ತದೆ. ಕುಳಿಯಿಂದ ಕುಳಿಗೆ ಸಿಡಿತ ಒಯ್ಯುವ ಮದ್ದಿನ ಹಗ್ಗವನ್ನು ನೆಲದ ಮೇಲೆ ತೆರೆದು ಹಾಸಿದರೂ ಅದೇ ಗತಿ.

ಮಿಲಿಸೆಕೆಂಡಿನ ಹೊತ್ತು ಆಯಿತು. ಇನ್ನು ಗಡಿಯಾರದ ಹೊತ್ತು. ಅದೂ ಇದೇ ಮಾತಿನ ಇನ್ನೊಂದು ಮುಖ.

ಚಳಿಗಾಲದ ನಸುಕಿನಲ್ಲಿ ದೂರದ ರೈಲಿನ ಸದ್ದು ಮಗ್ಗುಲಲ್ಲೇ ಕೇಳಿದ ಅನುಭವ ನಿಮಗಿದೆ. ನೆಲದ ಹತ್ತಿರ ತಣ್ಣನೆಯ ಗಾಳಿ, ಮೇಲೆ ಬೆಚ್ಚನೆಯ ಗಾಳಿ ಇದ್ದಾಗ ಸದ್ದು ಮೇಲಕ್ಕೆ ಹೋಗದೆ ಬಾಗಿ ಕೆಳಗೆ ಬರುತ್ತದೆ. ಅಂಥ ಹೊತ್ತಿನಲ್ಲಿ ಸಿಡಿಸಿದರೆ ಅದೇ ಮದ್ದಿಗೆ ಸದ್ದು ಎಷ್ಟೋ ಪಟ್ಟು. ಬಿಸಿಲೇರಿ, ನೆಲ ಕಾದು, ಗಾಳಿ ಮೇಲೆ ಕೆಳಗೆ ಕಲಸಿದ ಮೇಲೆ ಸದ್ದು ಮುಗಿಲಿಗೆ ಏರಿ ಹೋಗುತ್ತದೆ. ಹಾಗಾಗಿ ನಡುಹಗಲು ಲೇಸು. ಗಾಳಿ ಗಣಿಯಿಂದ ಊರ ಕಡೆ ಬೀಸುತ್ತಿದ್ದರೆ ತಡೆದು ನಿಲ್ಲಬೇಕು. ದಿನವೂ ಒಂದೇ ಹೊತ್ತಿಗೆ, ಸೈರನ್ ಕೂಗಿ, ಹೇಳಿಯೇ ಸಿಡಿಸಬೇಕು. ಗೊತ್ತಿರುವ ಸದ್ದಿಗೆ ಎದೆ ಅಷ್ಟಾಗಿ ಹೊಡೆದುಕೊಳ್ಳುವುದಿಲ್ಲ.

ಇಷ್ಟೆಲ್ಲ ಮಾಡಿದ ಮೇಲೆ ನಡುಕ ಹದ್ದಿನಲ್ಲಿದೆ ಅಂತ ಹೇಳುವುದು ಯಾರು? ಅದಕ್ಕೆ ಅಳತೆ ಇದೆ. ನೆಲ ಅಲುಗುವ ವೇಗವನ್ನು ಸೆಕೆಂಡಿಗೆ ಇಷ್ಟು ಮಿಲಿಮೀಟರ್ ಅಂತ ಅಳೆಯುತ್ತಾರೆ. ಕೇಂದ್ರ ಸರ್ಕಾರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1997ರಲ್ಲಿ ಇದಕ್ಕೆ ಮಿತಿ ಹಾಕಿದೆ. ಗಣಿಯವರದಲ್ಲದ ಸಾಮಾನ್ಯ ಮನೆಗಳಿಗೆ, ನಿಧಾನದ ತೂಗಾಟವಾದರೆ ಸೆಕೆಂಡಿಗೆ 5 ಮಿಲಿಮೀಟರ್. ಬಿರುಸಿನದಾದರೆ 10, ಇನ್ನೂ ಬಿರುಸಿನದಾದರೆ 15. ಪುರಾತನ ಕಟ್ಟಡಗಳಿಗೆ ಮಿತಿ ಇನ್ನೂ ಬಿಗಿ. ನಿಧಾನದ ತೂಗಾಟಕ್ಕೆ ಬರೀ 2 ಮಿಲಿಮೀಟರ್.

ಈ ಎರಡು ಮಿಲಿಮೀಟರನ್ನು ನಮ್ಮ ಜಿಲ್ಲೆ ನೆನಪಿಡಬೇಕು. ಯಾದಗಿರಿಯ ಕೋಟೆ ನಮ್ಮದು. ಶಿರವಾಳದ ಗುಡಿಗಳು ನಮ್ಮವು. ಶಹಾಪುರದ ಹತ್ತಿರ ವಿಭೂತಿಹಳ್ಳಿಯಲ್ಲಿ ಬೃಹತ್ ಶಿಲಾಯುಗದ ಜನ ಸಾಲು ಹಿಡಿದು ನಿಲ್ಲಿಸಿದ ಗುಂಡುಗಳು ಇಂದಿಗೂ ಇವೆ. 1841ರಿಂದ ಹನ್ನೆರಡು ವರ್ಷ ಸುರಪುರದ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್ ಈ ಸೀಮೆಯ ಇಂಥ ಬೃಹತ್ ಶಿಲಾಯುಗದ ನೆಲೆಗಳನ್ನು ಮೊದಲು ಬರೆದಿಟ್ಟವರು. ಶಹಾಪುರದ ಬೆಟ್ಟವನ್ನು ದೂರದಿಂದ ನೋಡಿದರೆ ಬುದ್ಧ ಮಲಗಿದಂತೆ ಕಾಣುತ್ತದೆ. ಅಲ್ಲಿ ಬಂಡೆಯ ಮೇಲೆ ಬಂಡೆ ಹೇರಿದ ಹಾಗೆ ನಿಂತಿದೆ. ಅದು ನಿಸರ್ಗದ ಅಡಕಲು. ಅದನ್ನು ಇಳಿಸಿ ಕೌದಿಯ ಮೇಲೆ ಇಡಲು ಯಾವ ಅಜ್ಜಿಗೂ ಆಗದು.

ಹದ್ದು ಮೀರುವ ಭಯ ಇದ್ದಾಗ ನ್ಯಾಯಾಲಯವೂ ನಡುವೆ ಬಂದಿದೆ. ಪಾಂಡವಪುರದ ಬೇಬಿ ಬೆಟ್ಟದ ಗಣಿಗಾರಿಕೆಯಿಂದ ಕೃಷ್ಣರಾಜಸಾಗರ ಅಣೆಕಟ್ಟೆಗೆ ಅಪಾಯ ಆದೀತೆಂಬ ಆತಂಕ ಬಹಳ ವರ್ಷ ಇತ್ತು. 2024ರ ಜನವರಿಯಲ್ಲಿ ಕರ್ನಾಟಕ ಹೈಕೋರ್ಟ್ ಅಣೆಕಟ್ಟೆಯ ಸುತ್ತ 20 ಕಿಲೋಮೀಟರ್ ಒಳಗೆ ಗಣಿಗಾರಿಕೆಯನ್ನು ತಡೆಹಿಡಿಯಿತು. ಕೆಲವು ಜಾಗಗಳಿಗೆ ಪಾಳಿಯೂ ಸಾಲದು, ದೂರವೇ ಬೇಕು ಅನ್ನುವುದನ್ನು ಇದರಿಂದ ಕಲಿಯಬಹುದು. ಅಳೆಯುವ ಪರಿಣತಿಗೂ ನಮ್ಮ ನಾಡಿನಲ್ಲಿ ಕೊರತೆ ಇಲ್ಲ. ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ರಾಕ್ ಮೆಕ್ಯಾನಿಕ್ಸ್ 1988ರಲ್ಲಿ ಹುಟ್ಟಿದ್ದೇ ನಮ್ಮ ಕೋಲಾರದ ಚಿನ್ನದ ಗಣಿಯ ನೆಲದಲ್ಲಿ.

ಕೊನೆಯದಾಗಿ, ಊರಿನವರು ಮಾಡಬಹುದಾದದ್ದು. ಮೂರೇ ಮೂರು.

ಒಂದು, ಬರೆದಿಡಿ. ಸಿಡಿದ ದಿನ, ಹೊತ್ತು, ನೆಲ ಮೊದಲು ನಡುಗಿತೋ ಗಾಳಿ ಹೊಡೆಯಿತೋ. ಶಾಲೆಯ ಮಕ್ಕಳ ಹಳೆಯ ನೋಟ್‌ಬುಕ್ ಸಾಕು.

ಎರಡು, ಬಿರುಕಿಗೆ ಗುರುತು ಹಾಕಿ. ಬಿರುಕು ನಿಂತ ತುದಿಗೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದು ತಾರೀಖು ಬರೆಯಿರಿ. ಮುಂದೆ ಸಾಗಿದರೆ ಮತ್ತೆ ಗೆರೆ, ಮತ್ತೆ ತಾರೀಖು. ಎರೆ ಮಣ್ಣು ಬೇಸಿಗೆಯಲ್ಲಿ ಬಿರಿದು ಮಳೆಗಾಲದಲ್ಲಿ ಉಬ್ಬುತ್ತದೆ. ಅದರಿಂದಲೂ ಗೋಡೆ ಸೀಳುತ್ತದೆ. ನಡುಕ ಸೆಕೆಂಡಿಗೆ ಒಂದು ಮಿಲಿಮೀಟರಿಗಿಂತ ಕಡಿಮೆ ಇದ್ದರೂ ಮೈಗೆ ಗೊತ್ತಾಗುತ್ತದೆ. ಗೊತ್ತಾದದ್ದೆಲ್ಲ ಹಾನಿಯಲ್ಲ. ಆದರೆ ತಾರೀಖಿನ ಸಮೇತ ಗೆರೆ ಇದ್ದರೆ ನಿಮ್ಮ ಮಾತನ್ನು ಯಾರೂ ತಳ್ಳಿಹಾಕಲಾರರು.

ಮೂರು, ಸರಿಯಾದ ಪ್ರಶ್ನೆ ಕೇಳಿ. ಗಣಿಯವರನ್ನು, ಅಧಿಕಾರಿಗಳನ್ನು ಕಂಡಾಗ ಎಷ್ಟು ಮದ್ದು ಹಾಕುತ್ತೀರಿ ಅಂತ ಕೇಳಿ ಸುಮ್ಮನಾಗಬೇಡಿ. ಒಂದು ಪಾಳಿಗೆ ಎಷ್ಟು ಕಿಲೋ? ಪಾಳಿಯ ನಡುವೆ ಎಷ್ಟು ಮಿಲಿಸೆಕೆಂಡು? ಪಾಳಿ ಊರ ಕಡೆ ಬರುತ್ತದೋ, ಊರಿನಿಂದ ಆಚೆ ಹೋಗುತ್ತದೋ? ಯಂತ್ರವನ್ನು ನಮ್ಮ ಗೋಡೆಯ ಬುಡದಲ್ಲಿ ಇಟ್ಟು ತೋರಿಸಿ. ಈ ನಾಲ್ಕು ಮಾತು ಗ್ರಾಮಸಭೆಯಲ್ಲಿ ಎದ್ದರೆ ಉತ್ತರ ಕೊಡುವವರು ಲೆಕ್ಕ ಮಾಡಿಕೊಂಡೇ ಬರಬೇಕಾಗುತ್ತದೆ.

ಗಣಿ ನಡೆಸುವ ಬಂಧುಗಳಿಗೂ ಒಂದು ಮಾತು. ಸರಿಯಾದ ಪಾಳಿಯಿಂದ ನಿಮಗೂ ಲಾಭವಿದೆ. ಊರಿಗೆ ನಡುಕವಾಗಿ ಹೋಗುವ ಬಲ ನೀವು ದುಡ್ಡು ಕೊಟ್ಟು ತಂದ ಮದ್ದಿನದು. ಅದು ಕಲ್ಲಿನಲ್ಲೇ ಖರ್ಚಾದರೆ ಕಲ್ಲು ಹದವಾಗಿ ಒಡೆಯುತ್ತದೆ, ಕ್ರಷರಿಗೆ ದೊಡ್ಡ ಗುಂಡು ಹೋಗುವುದಿಲ್ಲ.

ಆ ಅಜ್ಜಿಯ ಮನೆಗೆ ಹಿಂತಿರುಗಿ ನನ್ನ ಮಾತು ಮುಗಿಸುತ್ತೇನೆ. ಆ ಗಣಿಯಲ್ಲಿ ಇಡೀ ಸಾಲು ಒಂದೇ ಹೊಡೆತಕ್ಕೆ ಹಾರುತ್ತಿತ್ತು. ಮದ್ದಿನ ಹಗ್ಗ ನೆಲದ ಮೇಲೆ ತೆರೆದೇ ಇರುತ್ತಿತ್ತು. ನನ್ನ ಯಂತ್ರದ ಗೆರೆಯನ್ನು ಗಣಿಯವರಿಗೆ ತೋರಿಸಿದೆ. ಒಂದೇ ಕಡೆ ಈಟಿಯಂತೆ ಎದ್ದ ಗೆರೆ ಅದು. ಕುಳಿಗೊಂದು ತಡ ಕೊಟ್ಟರು. ಊರಿನ ಕಡೆಯ ತುದಿಯಿಂದ ಶುರುಮಾಡಿದರು. ಬಾಯಿಗೆ ಖಡಿಯ ಚೂರು ತುಂಬಿದರು. ಮುಂದಿನ ಸಲ ಬಂದ ಗೆರೆ ಗರಗಸದ ಹಲ್ಲಿನಂತೆ ಉದ್ದಕ್ಕೆ, ಗಿಡ್ಡವಾಗಿ ಹರಡಿತ್ತು.

ಕೆಲವು ತಿಂಗಳ ಮೇಲೆ ಮತ್ತೆ ಆ ಮನೆಗೆ ಹೋದೆ. ಸೈರನ್ ಕೂಗಿದಾಗ ಅಜ್ಜಿ ರೊಟ್ಟಿ ತಟ್ಟುತ್ತಿದ್ದರು. ನೆಲ ಸಣ್ಣಗೆ ಗುಮ್ಮೆಂದಿತು. ಅವರ ಕೈ ನಿಲ್ಲಲಿಲ್ಲ. ನಾನು ಅಡಕಲಿನ ಕಡೆ ನೋಡಿದೆ. ಅವರೂ ನೋಡಿದರು.

"ಅಯ್ಯ, ಇಳಸೋದ ಮರತೆ ನೋಡಪ್ಪ," ಅಂದರು.

ಕುಡಿಕೆ ತುದಿಯಲ್ಲೇ ಇತ್ತು.